ಮೊದಲು ತಾರೀಖು ಕೇಳುವ ಯಂತ್ರ

1992ರಲ್ಲಿ ಬೆಳಗಾವಿಯ ಕೋರ್ಟಿನಲ್ಲಿ ಒಂದು ವಾಟ್ನಿ ದಾವೆ, ಅಂದರೆ ಮನೆತನದ ಆಸ್ತಿ ಪಾಲು ಮಾಡಿಕೊಡಿ ಎಂಬ ದಾವೆ, ದಾಖಲಾಯಿತು. ತಂದೆ 1988ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಮಗಳು ಏಳರಲ್ಲಿ ಒಂದು ಪಾಲು ಕೇಳಿದ್ದರು. ನಮ್ಮ ಕಡೆ ಇಂಥ ದಾವೆಗಳಿಗೇನು ಬರವಿಲ್ಲ. ಆದರೆ ಇದು ನಡೆಯುತ್ತಿರುವಾಗಲೇ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಹೆಣ್ಣುಮಕ್ಕಳೂ ಗಂಡುಮಕ್ಕಳ ಹಾಗೆ ಹುಟ್ಟಿನಿಂದಲೇ ಪಾಲುದಾರರು ಎಂದಾಯಿತು. ಆ ಹೆಣ್ಣುಮಗಳು ದಾವೆಯನ್ನು ತಿದ್ದಿಸಿ ಹೊಸ ಕಾಯ್ದೆಯ ಪ್ರಕಾರ ಪಾಲು ಕೇಳಿದರು. ಕೇಸು ಮೇಲೇರುತ್ತಾ ಹೋಗಿ 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟಿನಲ್ಲಿ ‘ಪ್ರಕಾಶ್ ವಿರುದ್ಧ ಫೂಲವತಿ’ ಎಂಬ ತೀರ್ಪಾಯಿತು. 2005ರ ಸೆಪ್ಟೆಂಬರ್ 9ರಂದು ಮಗಳೂ ಬದುಕಿರಬೇಕು, ತಂದೆಯೂ ಬದುಕಿರಬೇಕು, ಆಗಷ್ಟೇ ಹೊಸ ಹಕ್ಕು ಎಂದಿತು ಆ ತೀರ್ಪು.

2018ರ ಫೆಬ್ರುವರಿ 1ರಂದು ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ‘ದಾನಮ್ಮ ವಿರುದ್ಧ ಅಮರ್’ ಕೇಸಿನಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದೂ ಕರ್ನಾಟಕದಿಂದ ಹೋದ ಕೇಸೇ. ಎರಡೂ ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠ, ಯಾವುದೂ ಇನ್ನೊಂದನ್ನು ಮೀರುವ ಹಾಗಿಲ್ಲ. ಎರಡು ವರ್ಷಕ್ಕೂ ಜಾಸ್ತಿ ಕಾಲ ವಾದಿ ಪರ ವಕೀಲರು ಒಂದನ್ನು ಹಿಡಿದರು, ಪ್ರತಿವಾದಿ ಪರ ವಕೀಲರು ಇನ್ನೊಂದನ್ನು ಹಿಡಿದರು. ಕೊನೆಗೆ 2020ರ ಆಗಸ್ಟ್ 11ರಂದು ಮೂವರ ಪೀಠ ‘ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ’ ತೀರ್ಪಿನಲ್ಲಿ ಫೂಲವತಿಯ ನಿಲುವನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಾನೂನಿನ ಕಷ್ಟದ ಪ್ರಶ್ನೆಗಳಿಗೆ ನೆರವಾಗುವ ಒಂದು ಎಐ ಟೂಲ್ ಕಟ್ಟುವ ಕೆಲಸದಲ್ಲಿ ನಾನಿದ್ದೇನೆ. ನಾನು ವಕೀಲನಲ್ಲ, ಸಾಫ್ಟ್‌ವೇರ್‌ನವನು. ಬೆಳಗಾವಿಯ ಚನ್ನಮ್ಮ ಸರ್ಕಲ್ ಹತ್ತಿರ ಒಬ್ಬ ಸೀನಿಯರ್ ವಕೀಲರ ಆಫೀಸಿದೆ. ಟೂಲನ್ನು ಅಲ್ಲಿ ಕೂತು ಕಟ್ಟುತ್ತೇನೆ, ಅಲ್ಲೇ ಅದನ್ನು ಬೈಸಿಕೊಳ್ಳುತ್ತೇನೆ. ಸೀನಿಯರ್‌ಗೆ ಕಂಪ್ಯೂಟರ್ ಮೇಲೆ ಸಿಟ್ಟೇನಿಲ್ಲ. ತೀರ್ಪುಗಳನ್ನು ಹುಡುಕುವ ಇಂಡಿಯನ್ ಕಾನೂನ್ ಜಾಲತಾಣವನ್ನು ದಿನವಿಡೀ ತೆರೆದಿಟ್ಟುಕೊಂಡಿರುತ್ತಾರೆ. ಅವರ ಸಿಟ್ಟೆಲ್ಲ ಒಂದೇ ವಿಷಯಕ್ಕೆ: ಈ ಎಐಗಳು ಕೇಳಿದ ತಕ್ಷಣ ಉತ್ತರ ಕೊಡುತ್ತವೆ.

ಅವರು ಕಕ್ಷಿದಾರರ ಜೊತೆ ಮಾತಾಡುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಆ ಸಿಟ್ಟಿನ ಮೂಲ ತಿಳಿಯುತ್ತದೆ. ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳು ಕುರ್ಚಿ ತುದಿಯಲ್ಲಿ ಕೂತು, ಪ್ಲಾಸ್ಟಿಕ್ ಚೀಲದಿಂದ ಉತಾರಗಳನ್ನು (ಹೊಲದ ಪಹಣಿಗಳನ್ನು) ತೆಗೆದು ಟೇಬಲ್ ಮೇಲೆ ಇಡುತ್ತಾರೆ. “ನನಗ ಪಾಲು ಬರ್ತೈತೇನ್ರಿ ಸಾಹೇಬ್ರ?” ಎಂದು ಕೇಳುತ್ತಾರೆ. ಸೀನಿಯರ್ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವರ ಹಾಗೆ ತಮ್ಮ ಪ್ರಶ್ನೆ ಶುರು ಮಾಡುತ್ತಾರೆ. “ಕಾಯ್ದೆ ಆಮ್ಯಾಲ ನೋಡೂಣು. ನಿಮ್ಮ ಅಪ್ಪಾರು ತೀರ್ಕೊಂಡಿದ್ದು ಯಾವಾಗ, ಅದನ್ನ ಹೇಳ್ರಿ ಅಕ್ಕಾರ.” ನಿಮ್ಮ ಮದುವೆ ಯಾವಾಗ? ಅವ್ವ ಇದ್ದಾರಾ? ಅಣ್ಣತಮ್ಮಂದಿರು ಯಾವಾಗ ಬೇರೆಯಾದರು? ಊರಿನ ಕಂದಾಯ ಲೆಕ್ಕ ನೋಡುವ ತಲಾಠಿ ಹತ್ತಿರ ವರ್ದಿ (ದಾಖಲೆಯಲ್ಲಿ ಹೆಸರು ಬದಲಿಸಲು ಕೊಡುವ ಹೇಳಿಕೆ) ಕೊಟ್ಟರೋ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದರೋ? ನಡುವೆ ಯಾರಾದರೂ ಹೊಲ ಮಾರಿದ್ದಾರಾ? ಹಾಳೆಯ ಮೇಲೆ ಒಂದು ಗೆರೆ ಎಳೆದು, ಗೆರೆಯ ಮೇಲೆ ಇಸವಿಗಳನ್ನು ಬರೆಯುತ್ತಾ ಹೋಗುತ್ತಾರೆ. ಗೆರೆಯ ಕೆಳಗೆ ಅವರ ನೆನಪಿನಲ್ಲೇ ಇರುವ ಇನ್ನೊಂದು ಸಾಲು: 1956, 1994, 2004, 2005, 2020. ಮೇಲಿನ ಸಾಲು ಮನೆತನದ್ದು, ಕೆಳಗಿನದು ಕಾನೂನಿನದು. ಪಾಲಿನ ಮಾತು ಬರುವುದು ಈ ಎರಡನ್ನೂ ಹೊಂದಿಸಿದ ಮೇಲೆ.

ನನ್ನ ಮಟ್ಟಿಗೆ ಡಿಸೈನಿನ ಅರ್ಧ ಭಾಗ ಆ ಹಾಳೆಯಲ್ಲೇ ಇದೆ.

ಸಾಮಾನ್ಯವಾಗಿ ಕಾನೂನಿನ ಎಐ ಅಂದ ಕೂಡಲೇ ಎಲ್ಲರೂ ಸುಳ್ಳು ತೀರ್ಪುಗಳ ಬಗ್ಗೆ ಮಾತಾಡುತ್ತಾರೆ. ಮಾತಾಡಬೇಕಾದ್ದೇ. 2023ರಲ್ಲಿ ನ್ಯೂಯಾರ್ಕಿನ ‘ಮಾಟಾ ವಿರುದ್ಧ ಏವಿಯಾಂಕಾ’ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡರು. ನಮ್ಮ ರಾಜ್ಯದಲ್ಲೂ 2025ರಲ್ಲಿ ಒಂದು ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಅದೇ ವರ್ಷ ಜುಲೈನಲ್ಲಿ ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿಯನ್ನೇ ಹೊರಡಿಸಿ, ತೀರ್ಪು ಕೊಡುವ ಕೆಲಸಕ್ಕೆ ಇದನ್ನು ಬಳಸಕೂಡದು ಎಂದಿತು. ವಕೀಲರಿಗೆಂದೇ ಮಾಡಿದ, ದುಬಾರಿ ಚಂದಾದ ಟೂಲ್‌ಗಳೂ ಇದಕ್ಕೆ ಹೊರತಲ್ಲ. ಸ್ಟ್ಯಾನ್‌ಫರ್ಡ್‌ನವರು 2024ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳ ಟೂಲ್‌ಗಳನ್ನು ಪರೀಕ್ಷಿಸಿದಾಗ, ಶೇ 17ರಿಂದ 33ರಷ್ಟು ಸಲ ಅವು ತಪ್ಪು ಕಟ್ಟಿ ಹೇಳಿದವು.

ಆದರೆ ಇಲ್ಲದ ತೀರ್ಪನ್ನು ಹಿಡಿಯುವುದು ಸುಲಭದ ಕೆಲಸ. 2023ರಿಂದ ಸುಪ್ರೀಂ ಕೋರ್ಟ್ ತೀರ್ಪುಗಳಿಗೆಲ್ಲ ತಟಸ್ಥ ಉಲ್ಲೇಖ ಸಂಖ್ಯೆ ಇದೆ. ಸಂಖ್ಯೆ ಹಾಕಿ ಹುಡುಕಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂಲ ಪ್ಯಾರಾ ತೆರೆದು ತೋರಿಸಲಾಗದ ಯಾವ ವಾಕ್ಯವನ್ನೂ ಪರದೆಗೆ ಬಿಡಬಾರದು ಎಂದು ಒಂದು ನಿಯಮ ಹಾಕಿದರೆ ಈ ಕಾಟ ಬಹುಮಟ್ಟಿಗೆ ಮುಗಿಯಿತು. ನಿಜವಾದ ತಲೆನೋವು ಇರುವುದು ನಿಜವಾದ ತೀರ್ಪುಗಳಲ್ಲೇ.

ಫೂಲವತಿಯನ್ನೇ ನೋಡಿ. ಅದು ತಳ್ಳಿಹೋದ ತೀರ್ಪು ಎಂದು ಗುರುತು ಹಾಕುವುದು ಒಂದು ಕ್ಷಣದ ಕೆಲಸ. ಆದರೆ 2015ರಿಂದ 2020ರ ನಡುವೆ ಅದನ್ನು ನಂಬಿ ಬರೆದ ಹೈಕೋರ್ಟ್ ತೀರ್ಪುಗಳಿವೆಯಲ್ಲ, ಅವನ್ನೇನು ಮಾಡುವುದು? ಅವುಗಳನ್ನು ಯಾರೂ ಒಂದೊಂದಾಗಿ ರದ್ದು ಮಾಡಿಲ್ಲ. ಡೇಟಾಬೇಸಿನಲ್ಲಿ ಯಾವ ಕಳಂಕವೂ ಇಲ್ಲದೆ ಕೂತಿವೆ. ಅವುಗಳ ಸಂಗತಿಗಳೋ, ನಮ್ಮ ಕಡೆಯ ಮನೆ ಮನೆಯ ಕಥೆಗಳೇ: ಅಪ್ಪ 2005ಕ್ಕೆ ಮೊದಲೇ ತೀರಿಹೋಗಿದ್ದಾನೆ, ಮಗಳು ಪಾಲು ಕೇಳುತ್ತಿದ್ದಾಳೆ, ತಮ್ಮ ತಕರಾರು ಹಾಕಿದ್ದಾನೆ. ಹೋಲಿಕೆ ನೋಡಿ ಹುಡುಕುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗಬೇಕು? ಮೊದಲ ಸಾಲಿನಲ್ಲೇ ಅವು ಬಂದು ನಿಲ್ಲುತ್ತವೆ. ಯಂತ್ರ ಸುಳ್ಳು ಹೇಳಿಲ್ಲ. ತೀರ್ಪು ಇದೆ, ಪ್ಯಾರಾ ಇದೆ, ಸಂಗತಿ ಹೊಂದುತ್ತದೆ. ಆದರೆ ಆ ತೀರ್ಪು ನಿಂತ ನೆಲ ಕುಸಿದುಹೋಗಿದೆ.

ಹಾಗಾಗಿ ತೀರ್ಪು ತೀರ್ಪಿನ ನಡುವಿನ ನಂಟನ್ನು ಗುರುತಿಸಬೇಕಾಯಿತು. ಇದು ಅದನ್ನು ಅನುಸರಿಸಿದೆಯೋ, ಇದು ಬೇರೆ ಸಂಗತಿ ಎಂದು ಪಕ್ಕಕ್ಕಿಟ್ಟಿದೆಯೋ, ಸುಮ್ನೆ ಹೆಸರು ಮಾತ್ರ ಹೇಳಿದೆಯೋ? ಎಐ ಮೊದಲು ಗುರುತು ಹಾಕುತ್ತದೆ, ಆಫೀಸಿನ ಜೂನಿಯರ್‌ಗಳು ಓದಿ ಸರಿ ಮಾಡುತ್ತಾರೆ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಟೂಲಿನ ಬುದ್ಧಿ ಎಂದು ಹೊರಗಿನವರು ಮೆಚ್ಚುವ ಭಾಗ ಬಹುಪಾಲು ಈ ಬೇಸರದ ಕೆಲಸದಿಂದಲೇ ಬಂದದ್ದು.

ಇನ್ನೊಂದು ಸಂಗತಿ ವಕೀಲರಲ್ಲದವರಿಗೆ ಹೊಳೆಯುವುದೇ ಇಲ್ಲ. ತೀರ್ಪಿನಲ್ಲಿರುವ ಎಲ್ಲ ಮಾತೂ ನ್ಯಾಯಮೂರ್ತಿಗಳದ್ದಲ್ಲ. ದೊಡ್ಡ ತೀರ್ಪಿನಲ್ಲಿ ಪುಟಗಟ್ಟಲೆ ಎರಡೂ ಕಡೆಯ ವಕೀಲರ ವಾದವೇ ಇರುತ್ತದೆ. ಕೆಳಗಿನ ಕೋರ್ಟು ಹೇಳಿದ್ದು ಇರುತ್ತದೆ, ಹಳೆಯ ತೀರ್ಪುಗಳ ಉದ್ದುದ್ದ ಉಲ್ಲೇಖ ಇರುತ್ತದೆ. ವಿನೀತಾ ಶರ್ಮಾ ತೀರ್ಪಿನಲ್ಲೂ ಕಕ್ಷಿದಾರರ ಪರ ವಾದ, ಕೇಂದ್ರ ಸರ್ಕಾರದ ಪರ ಸಾಲಿಸಿಟರ್ ಜನರಲ್ ವಾದ, ಕೋರ್ಟಿಗೆ ನೆರವಾಗಲು ನೇಮಿಸಿದ ವಕೀಲರ ವಾದ ಎಲ್ಲ ಸಾಲಾಗಿ ಬರುತ್ತವೆ. ಇಂಥದ್ದನ್ನು ತುಂಡು ತುಂಡು ಮಾಡಿ ಯಂತ್ರಕ್ಕೆ ತಿನ್ನಿಸಿದರೆ, ಸೋತ ವಕೀಲರ ವಾದದ ಒಂದು ತುಂಡು ಕೋರ್ಟಿನ ಮಾತಿನ ಹಾಗೆ ಹೊರಬರುತ್ತದೆ. ವಾದ ಸೋತಿದ್ದರೂ ಭಾಷೆ ಖಡಕ್ಕಾಗಿರುತ್ತದಲ್ಲ, ಓದಿದವರಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದ ಪ್ರತಿ ತುಂಡಿನ ಹಣೆಯ ಮೇಲೂ ಇದು ಯಾರ ಮಾತು ಎಂದು ಬರೆಯಲೇಬೇಕು.

ಕಾನೂನು ರಾಜ್ಯದಿಂದ ರಾಜ್ಯಕ್ಕೂ ಬದಲಾಗುತ್ತದೆ. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟವರನ್ನು ಕೇಳಿ ನೋಡಿ. ಪರಿಹಾರ ಕಡಿಮೆಯಾಯಿತೆಂದು ಕೋರ್ಟಿಗೆ ಕಳಿಸಿ ಎಂದು ಅರ್ಜಿ ಹಾಕಲು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಂ ಇತ್ತು. ಕೇಂದ್ರದ ಪಠ್ಯದಲ್ಲಿ ಆರು ವಾರ, ಆರು ತಿಂಗಳು ಎಂಬ ಲೆಕ್ಕ. ಕರ್ನಾಟಕದ ತಿದ್ದುಪಡಿಯಲ್ಲಿ ನೋಟಿಸು ಮುಟ್ಟಿದ ದಿನದಿಂದ 90 ದಿನ. ದೆಹಲಿಯ ಪುಸ್ತಕ ಓದಿದ ಯಂತ್ರ ಇಲ್ಲಿ ಗಡುವನ್ನೇ ತಪ್ಪು ಹೇಳುತ್ತದೆ. ಆಮೇಲೆ ಹೈಕೋರ್ಟು: ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿ ಪೀಠಕ್ಕೆ. ಅಣೆಕಟ್ಟು ವಿಜಯಪುರ ಜಿಲ್ಲೆಯಲ್ಲಿ, ಮುಳುಗಿದ ಊರುಗಳಲ್ಲಿ ಬಹಳಷ್ಟು ಬಾಗಲಕೋಟೆಯಲ್ಲಿ. ಒಂದೇ ನೀರು, ಎರಡು ಪೀಠ.

ಕ್ರಿಮಿನಲ್ ಕಡೆ ಗೊಂದಲ ಇನ್ನೂ ತಮಾಷೆಯಾಗಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯ ದಂಡಸಂಹಿತೆಯಲ್ಲಿ 302 ಅಂದರೆ ಕೊಲೆ. ಹೊಸದರಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಮಿನಲ್ಲಿದೆ, 302 ಅಂದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತು. ಹೊಸ ಸಂಹಿತೆ 358ಕ್ಕೇ ಮುಗಿಯುವುದರಿಂದ 420 ಎಂಬ ಕಲಮೇ ಇಲ್ಲ. ಆದರೂ ಮೋಸಗಾರನನ್ನು ನಾವು ಫೋರ್ ಟ್ವೆಂಟಿ ಅನ್ನುವುದನ್ನು ಬಿಡುವುದಿಲ್ಲ ಅಲ್ವಾ? ಇಲ್ಲೂ ಮೊದಲ ಪ್ರಶ್ನೆ ಅದೇ: ಘಟನೆ ಯಾವ ದಿನ ನಡೆದದ್ದು? ಜೂನ್ 30ರ ಘಟನೆಗೆ ಹಳೆಯ ಸಂಹಿತೆ, ಮರುದಿನದ್ದಕ್ಕೆ ಹೊಸದು.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಟೂಲನ್ನು ಪರೀಕ್ಷಿಸಲು ಸೀನಿಯರ್ ಒಂದು ಕಲ್ಪಿತ ಕೇಸು ಬರೆದುಕೊಟ್ಟರು. ಬೈಲಹೊಂಗಲ ತಾಲ್ಲೂಕಿನಲ್ಲಿ 9 ಎಕರೆ ಪಿತ್ರಾರ್ಜಿತ ಹೊಲ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾರೆ. ಮಗಳ ಮದುವೆ 1990ರಲ್ಲಿ. ತಂದೆ ತೀರಿದ್ದು 1997ರಲ್ಲಿ. 1999ರಲ್ಲಿ ಗಂಡುಮಕ್ಕಳಿಬ್ಬರೂ ತಲಾಠಿಗೆ ವರ್ದಿ ಕೊಟ್ಟು, ವಾಟ್ನಿ ಆಗಿದೆ ಎಂದು ಹೇಳಿ ಉತಾರದಲ್ಲಿ ಬೇರೆ ಬೇರೆ ಹೆಸರು ಏರಿಸಿಕೊಂಡರು. ಕಿರಿಯವನು 2003ರಲ್ಲಿ 2 ಎಕರೆಯನ್ನು ರಿಜಿಸ್ಟರ್ ಖರೀದಿ ಪತ್ರದ ಮೂಲಕ ಮಾರಿದ. ಮಗಳು 2022ರಲ್ಲಿ ದಾವೆ ಹಾಕುತ್ತಾಳೆ. ಎಷ್ಟು ಪಾಲು?

ಇದನ್ನು ನಾವು ಮೊದಲು ಎಲ್ಲರ ಕೈಯಲ್ಲೂ ಇರುವ ಸಾಮಾನ್ಯ ಚಾಟ್‌ಬಾಟಿಗೆ ಕೊಟ್ಟೆವು. ಮಗಳ ಪರವಾಗಿ ಕೇಳಿದಾಗ, ವಿನೀತಾ ಶರ್ಮಾ ಪ್ರಕಾರ ಮೂರರಲ್ಲಿ ಒಂದು ಪಾಲು, ಅಂದರೆ 3 ಎಕರೆ ಎಂದಿತು. ಅಣ್ಣತಮ್ಮಂದಿರ ಪರವಾಗಿ ಕೇಳಿದಾಗ, 2004ರ ಡಿಸೆಂಬರ್ 20ಕ್ಕೆ ಮೊದಲೇ ವಾಟ್ನಿ ಆಗಿಹೋಗಿದೆ, ಮಗಳಿಗೆ ಏನೂ ಇಲ್ಲ ಎಂದಿತು. ಎರಡೂ ಸಲ ಅಷ್ಟೇ ಧೈರ್ಯ, ಅಷ್ಟೇ ವಿನಯ. ಕೇಳಿದವರ ಮುಖ ನೋಡಿ ಮಾತಾಡುವ ಈ ಗುಣ ಅಂಗಡಿಯವನಿಗೆ ಚೆಂದ. ಕಾನೂನು ಸಲಹೆಗೆ ಇದಕ್ಕಿಂತ ಅಪಾಯದ ಗುಣ ನನಗೆ ಗೊತ್ತಿಲ್ಲ.

ಸೀನಿಯರ್ ಇದನ್ನು ಬಿಡಿಸಿದ ರೀತಿ ಬೇರೆ. 1994ರ ಜುಲೈ 30ರಿಂದ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಈಕೆಯ ಮದುವೆ 1990ರಲ್ಲಿ ಆದ್ದರಿಂದ ಆ ಬಾಗಿಲು ಮುಚ್ಚಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ವಿಷಯ ಎತ್ತುವುದಿಲ್ಲ, ಹಾಗಾಗಿ ಆ ಬಾಗಿಲು ತೆರೆದಿದೆ. ತಂದೆ 1997ರಲ್ಲಿ ತೀರಿದ್ದು 2020ರ ನಂತರ ಅಡ್ಡಿಯಲ್ಲ. ಉಳಿದ ಅಡ್ಡಿ ಒಂದೇ, 1999ರ ವರ್ದಿ.

ಕಾಯ್ದೆಯ 6ನೇ ಕಲಂ, 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಾಟ್ನಿಯನ್ನು ಮುಟ್ಟುವುದಿಲ್ಲ. ಆದರೆ ವಾಟ್ನಿ ಅಂದರೆ ರಿಜಿಸ್ಟರ್ ಆದ ಪತ್ರ ಇಲ್ಲವೇ ಕೋರ್ಟಿನ ಡಿಕ್ರಿ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ವರ್ದಿ ಎರಡೂ ಅಲ್ಲ. ಹಾಗಾದರೆ ಮುಗಿಯಿತಲ್ಲ ಅನ್ನಬಹುದು. ಮುಗಿಯುವುದಿಲ್ಲ. ಬಾಯಿಮಾತಿನ ವಾಟ್ನಿಯನ್ನು ಅಪರೂಪದ ಸಂದರ್ಭದಲ್ಲಿ, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ಡಿಕ್ರಿಯಿಂದ ಆದಷ್ಟೇ ಸ್ಪಷ್ಟವಾಗಿದ್ದರೆ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪು ಒಂದು ಸಣ್ಣ ಕಿಂಡಿ ಬಿಟ್ಟಿದೆ. ಬರೀ ಬಾಯಿಸಾಕ್ಷಿ ಆದರೆ ತಿರಸ್ಕರಿಸಿ ಎಂದೂ ಹೇಳಿದೆ. ಬೆಳಗಾವಿ ಜಿಲ್ಲೆಯ ಅದೆಷ್ಟೋ ಮನೆಗಳ ಜಗಳ ಆ ಕಿಂಡಿಯಲ್ಲೇ ಸಿಕ್ಕಿಕೊಂಡಿದೆ. ನಮ್ಮ ಕಡೆ ರಿಜಿಸ್ಟರ್ ಖರ್ಚು ಯಾರಿಗೆ ಬೇಕು ಎಂದು ವರ್ದಿ ಕೊಟ್ಟೇ ಬೇರೆಯಾದವರು ಜಾಸ್ತಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ದಾಖಲೆಯಲ್ಲಿರುವುದನ್ನು, ಬೇರೆ ರೀತಿ ರುಜುವಾತು ಆಗುವ ತನಕ, ನಿಜವೆಂದೇ ಹಿಡಿಯಬೇಕು. ಆದರೆ ಉತಾರದಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಾಲಕಿ ಹಕ್ಕು ಬರುವುದಿಲ್ಲ ಎಂಬುದೂ ಕೋರ್ಟುಗಳು ಹೇಳಿ ಹೇಳಿ ಸವೆದ ಮಾತು. ಇವೆರಡರ ನಡುವೆ 1999ರ ವರ್ದಿ ಎಲ್ಲಿ ನಿಲ್ಲುತ್ತದೆ ಎಂಬುದು ಸಂಗತಿಗಳ ಮೇಲೆ ಹೋಗುತ್ತದೆ. ಪೋಡಿ ಆಗಿದೆಯಾ, ಅಂದರೆ ಸರ್ವೆ ಮಾಡಿ ಹೊಲ ಬೇರೆ ಬೇರೆ ಮಾಡಿದ್ದಾರಾ? ಸೊಸೈಟಿ ಸಾಲವನ್ನು ಬೇರೆ ಬೇರೆ ಹೆಸರಿನಲ್ಲಿ ಎತ್ತಿದ್ದಾರಾ? ಬಾವಿ ಯಾರ ಪಾಲಿಗೆ ಬಂತು? ವರ್ದಿಯ ಮೇಲೆ ಮಗಳ ಸಹಿಯೋ ಹೆಬ್ಬೆಟ್ಟೋ ಇದೆಯಾ?

ಇಷ್ಟಾದ ಮೇಲೆ ಅವರು ಇನ್ನೊಂದು ಲೆಕ್ಕ ತೆಗೆದರು. ಅದನ್ನು ಚಾಟ್‌ಬಾಟು ಎರಡೂ ಸಲ ಬಿಟ್ಟಿತ್ತು. ಹೊಸ ಕಾಯ್ದೆಯನ್ನು ಪೂರ್ತಿ ಮರೆತರೂ, 1956ರ ಹಳೆಯ ಕಾಯ್ದೆಯಲ್ಲೇ ಈಕೆಗೆ ಒಂದು ಪಾಲಿದೆ. 1997ರಲ್ಲಿ ತಂದೆ ತೀರಿಕೊಂಡಾಗ, ಸಾಯುವ ಮುಂಚೆ ವಾಟ್ನಿ ಆಗಿತ್ತು ಎಂದು ಕಲ್ಪಿಸಿಕೊಳ್ಳಬೇಕು. ತಂದೆಗೆ 3 ಎಕರೆ, ಗಂಡುಮಕ್ಕಳಿಗೆ ತಲಾ 3. ತಂದೆಯ ಆ 3 ಎಕರೆ ಮೂವರು ಮಕ್ಕಳಿಗೂ ಸಮವಾಗಿ ಹೋಗುತ್ತದೆ. ಮಗಳಿಗೆ 1 ಎಕರೆ, ಅಂದರೆ ಒಂಬತ್ತರಲ್ಲಿ ಒಂದು. ಇದು ವಾರಸಾ ಹಕ್ಕು. ಆಕೆಯನ್ನು ಬಿಟ್ಟು ಅಣ್ಣತಮ್ಮಂದಿರು ತಾವೇ ವರ್ದಿ ಕೊಟ್ಟರೆ ಅದು ಆಕೆಯನ್ನು ಕಟ್ಟಿಹಾಕದು ಎಂಬುದು ಸೀನಿಯರ್ ನಿಲುವು. 2003ರ ಮಾರಾಟ ಹೊಸ ಹಕ್ಕಿನ ಎದುರು ಉಳಿಯುತ್ತದೆ, ಯಾಕಂದರೆ 2004ಕ್ಕೆ ಮುಂಚಿನದು. ಆದರೆ ಆಗಲೇ ಆಕೆಯದಾಗಿದ್ದ ಒಂಬತ್ತನೇ ಒಂದರ ಎದುರು ಅದು ಉಳಿಯುತ್ತದಾ? ಅಲ್ಲಿ ಮತ್ತೊಂದು ವಾದ ಶುರು. ಇನ್ನು ತಾಯಿ 1997ರಲ್ಲಿ ಬದುಕಿದ್ದರೆ ಇಡೀ ಲೆಕ್ಕವೇ ಬೇರೆ, ಆಗ 1978ರ ‘ಗುರುಪಾದ ವಿರುದ್ಧ ಹೀರಾಬಾಯಿ’ ತೀರ್ಪನ್ನು ತೆಗೆಯಬೇಕು.

ಅಂದರೆ ಉತ್ತರ 3 ಎಕರೆಯೂ ಅಲ್ಲ, ಸೊನ್ನೆಯೂ ಅಲ್ಲ. ವರ್ದಿ ಬಿದ್ದರೆ ಮೂರರಲ್ಲಿ ಒಂದು, ವರ್ದಿ ನಿಂತರೂ ಒಂಬತ್ತರಲ್ಲಿ ಒಂದು, ಮಾರಿದ 2 ಎಕರೆ ಮಾತ್ರ ಪ್ರತ್ಯೇಕ ಜಗಳ. ಅವಧಿ ಮೀರಿದೆ ಎಂಬ ತಕರಾರು ಖಂಡಿತ ಬರುತ್ತದೆ, ಅದಕ್ಕೂ ತಯಾರಿರಬೇಕು. ಒಬ್ಬ ಅನುಭವಿ ವಕೀಲರು ಪ್ರಶ್ನೆಯನ್ನು ಹೀಗೆ ಕವಲು ಕವಲಾಗಿ ನೋಡುತ್ತಾರೆ. ಯಾವ ಕವಲಿಗೆ ಯಾವ ಕಾಗದ ಬೇಕು ಎಂಬುದೂ ಅವರ ತಲೆಯಲ್ಲಿರುತ್ತದೆ. ಟೂಲ್ ಕೊಡಬೇಕಾದ್ದು ಈ ನಕ್ಷೆ. “ಕಾನೂನು ಪ್ರಕಾರ ನಿಮಗೆ ಇಷ್ಟು ಪಾಲು” ಎಂಬ ಒಂದು ಸಾಲು ಯಾರಿಗೆ ಬೇಕಾಗಿದೆ?

ಇದನ್ನು ಪರದೆಯ ಮೇಲೆ ತರುವುದು ಅಷ್ಟು ಸಲೀಸಲ್ಲ. ಭಾಷಾ ಮಾದರಿಗಳ ಹುಟ್ಟುಗುಣವೇ ಹರಿಯುವ ಗದ್ಯ. ಎಲ್ಲಿ ಗಟ್ಟಿ ನೆಲ, ಎಲ್ಲಿ ಕೆಸರು ಎಂಬುದು ಆ ಗದ್ಯದಲ್ಲಿ ಕಾಣುವುದಿಲ್ಲ. ಎಲ್ಲ ವಾಕ್ಯಕ್ಕೂ ಒಂದೇ ದನಿ. ಹೆದರಿಸಿ ಕೇಳಿದರೆ ಪ್ರತಿ ವಾಕ್ಯಕ್ಕೂ “ಇರಬಹುದು”, “ವಕೀಲರನ್ನು ಸಂಪರ್ಕಿಸಿ” ಎಂದು ಬಾಲ ಅಂಟಿಸುತ್ತವೆ. ವಕೀಲರೇ ಕೇಳುತ್ತಿರುವಾಗ ವಕೀಲರನ್ನು ಸಂಪರ್ಕಿಸಿ ಎಂದರೆ ಏನು ಮಾಡುವುದು ಹೇಳಿ! ಆದ್ದರಿಂದ ನಾವು ಗದ್ಯವನ್ನೇ ಕೊನೆಗೆ ಇಟ್ಟೆವು. ಮೊದಲು ಟೂಲ್ ಕಾಗದಗಳನ್ನು ಓದಿ ಇಸವಿಗಳ ಗೆರೆ ಎಳೆಯುತ್ತದೆ. ಖಾಲಿ ಇರುವ ಕಡೆ ಪ್ರಶ್ನೆ ಕೇಳುತ್ತದೆ. ಮದುವೆಯ ಇಸವಿ ಗೊತ್ತಿಲ್ಲದೆ ಮುಂದೆ ಹೋಗಲು ಅದಕ್ಕೆ ಅಪ್ಪಣೆ ಇಲ್ಲ. ಆಮೇಲೆ ಒಂದೊಂದು ಕವಲನ್ನೂ ಬೇರೆಯಾಗಿ ಇಡುತ್ತದೆ: ಇಲ್ಲಿ ಕಾನೂನು ಇತ್ಯರ್ಥವಾಗಿದೆ, ಇಲ್ಲಿ ಆಗಿಲ್ಲ, ಇಲ್ಲಿ ಕಾನೂನು ಸ್ಪಷ್ಟವಿದೆ ಆದರೆ ಸಾಕ್ಷಿ ಬೇಕು. ಈ ಮೂರು ಬೇರೆ ಬೇರೆ. ಅನುಮಾನ ಅಂದ ಕೂಡಲೇ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಪರೀಕ್ಷೆ ಮಾಡುವುದಕ್ಕೂ ಆ ಚಾಟ್‌ಬಾಟೇ ದಾರಿ ತೋರಿಸಿತು. ಪ್ರತಿ ಪ್ರಶ್ನೆಯನ್ನೂ ಈಗ ಎರಡು ಸಲ ಕೇಳುತ್ತೇವೆ, ಒಮ್ಮೆ ವಾದಿ ಪರ, ಒಮ್ಮೆ ಪ್ರತಿವಾದಿ ಪರ. ಸಂಗತಿ ಒಂದೇ ಇರುವಾಗ ಕವಲುಗಳ ನಕ್ಷೆಯೂ ಒಂದೇ ಬರಬೇಕು. ಯಾವ ಕವಲಿನ ಮೇಲೆ ಒತ್ತು ಎಂಬುದಷ್ಟೇ ಬದಲಾಗಬಹುದು. ನಕ್ಷೆಯೇ ಬದಲಾದರೆ ಟೂಲ್ ಫೇಲ್. ಇನ್ನೊಂದು ಪರೀಕ್ಷೆಯಲ್ಲಿ ಒಂದೇ ಒಂದು ಇಸವಿ ತಿರುಚುತ್ತೇವೆ. ಮದುವೆ 1990ರ ಬದಲು 1995 ಎಂದರೆ 1994ರ ಬಾಗಿಲು ತೆರೆಯಬೇಕು. ಮಾರಾಟ 2003ರ ಬದಲು 2006 ಎಂದರೆ ಆ 2 ಎಕರೆಯ ಕಥೆ ಬದಲಾಗಬೇಕು. ಇಸವಿ ಬದಲಾದರೂ ಉತ್ತರ ಅಲುಗಾಡದಿದ್ದರೆ ಅದು ವಿಶ್ಲೇಷಣೆ ಮಾಡುತ್ತಿಲ್ಲ, ಉರು ಹೊಡೆದದ್ದನ್ನು ಒಪ್ಪಿಸುತ್ತಿದೆ ಎಂದರ್ಥ.

ಕಾಗದಗಳ ಕಥೆ ಬೇರೆಯೇ ಇದೆ. 2000ರ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲಿನ ಪಹಣಿಗಳು ಕಂಪ್ಯೂಟರಿನವು, ಓದಲು ತೊಂದರೆಯಿಲ್ಲ. ಅದಕ್ಕಿಂತ ಹಿಂದಿನ ವರ್ದಿ, ಕೈಬರಹದ ಉತಾರ ಸ್ಕ್ಯಾನ್ ಮಾಡಿದರೆ ಯಂತ್ರಕ್ಕೆ ಅರ್ಧ ಕಾಣುತ್ತದೆ, ಉಳಿದರ್ಧವನ್ನು ಊಹಿಸುತ್ತದೆ. 3 ಎಕರೆ 8 ಗುಂಟೆ ಇದ್ದದ್ದು 3 ಎಕರೆ 3 ಗುಂಟೆ ಆಗಬಹುದು. ಖಾನಾಪುರ ಕಡೆಯ ಹಳೆಯ ಕಾಗದ ಮರಾಠಿಯಲ್ಲಿ ಸಿಗುತ್ತವೆ, ಇನ್ನೂ ಹಿಂದಿನವು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿ. ಅವಕ್ಕೆ ಓದುವ ಹಿರಿಯರನ್ನೇ ಹುಡುಕಬೇಕು. ಊಹಿಸಿದ ಅಕ್ಷರಕ್ಕೆ ಹಳದಿ ಬಣ್ಣ ಹಾಕಿ ಮನುಷ್ಯರ ಮುಂದಿಡುವುದು ಬಿಟ್ಟರೆ ನಮಗೂ ಬೇರೆ ದಾರಿ ಕಂಡಿಲ್ಲ.

ಗುಟ್ಟಿನ ಪ್ರಶ್ನೆಯನ್ನು ಸೀನಿಯರ್ ಮೊದಲ ದಿನವೇ ಎತ್ತಿದ್ದರು. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ವಕೀಲರು ಹೊರಗೆ ಹೇಳುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಫೈಲನ್ನು ಯಾವುದೋ ದೇಶದ ಸರ್ವರಿಗೆ ಏರಿಸಿದರೆ ಅದು ಹೊರಗೆ ಹೇಳಿದ ಹಾಗೆಯೋ ಅಲ್ಲವೋ ಎಂದು ಕೇಳಿದರು. ನಾನು ತಾಂತ್ರಿಕ ಉತ್ತರ ಶುರು ಮಾಡಿದೆ. “ಅದೆಲ್ಲಾ ಇರ್ಲಿ, ಕಾಗದಾ ಈ ಕ್ವಾಣಿ ದಾಟಬಾರದು ನೋಡ್ರಿ” ಎಂದರು. ಹಾಗಾಗಿ ತೀರ್ಪುಗಳ ಹುಡುಕಾಟ ಹೊರಗೆ, ಕಕ್ಷಿದಾರರ ಕಾಗದ ಆಫೀಸಿನ ಯಂತ್ರದಲ್ಲೇ. ಹೊರಗೆ ಹೋಗುವ ಪ್ರಶ್ನೆಯಲ್ಲಿ ಹೆಸರು, ಊರು, ಸರ್ವೆ ನಂಬರ್ ಇರುವುದಿಲ್ಲ, ಇಸವಿ ಮತ್ತು ನಂಟು ಮಾತ್ರ. ಕೋಣೆಯ ಸಣ್ಣ ಯಂತ್ರ ನಿಧಾನ, ಬೇಸಿಗೆಯಲ್ಲಿ ಕರೆಂಟು ಹೋದರೆ ಇನ್ನೂ ನಿಧಾನ. ಆದರೂ ಈ ವಿಷಯದಲ್ಲಿ ಅವರದೇ ಸರಿ ಎನ್ನುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಇನ್ನೂ ಹೊಂದಿಕೆಯಾಗಿಲ್ಲ. ಜೂನಿಯರ್‌ಗಳು. ಅವರ ಕೈಗೆ ಟೂಲ್ ಕೊಟ್ಟರೆ ತೀರ್ಪು ಓದುವ ರೂಢಿಯೇ ತಪ್ಪುತ್ತದೆ ಎಂಬುದು ಸೀನಿಯರ್ ವಾದ. ತೀರ್ಪಿನಲ್ಲಿ ಯಾರ ಮಾತು ಯಾವುದು ಎಂದು ತಿಳಿಯಲು ತಾವು ಎಷ್ಟು ವರ್ಷ ಓದಿದ್ದೇವೆ, ಇವರಿಗೆ ಅದನ್ನು ಬಣ್ಣ ಹಚ್ಚಿ ಕೊಟ್ಟರೆ ನಾಳೆ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಒಂದು ಅಡ್ಡ ಪ್ರಶ್ನೆ ಕೇಳಿದರೆ ಏನು ಮಾಡುತ್ತಾರೆ ಎನ್ನುತ್ತಾರೆ. ನನ್ನ ವಾದ ಬೇರೆ. ತೀರ್ಪುಗಳ ನಂಟು ಗುರುತಿಸಿ, ಯಂತ್ರದ ತಪ್ಪು ಹಿಡಿದು ತಿದ್ದಿದವರು ಅವರೇ. ಆಫೀಸಿನಲ್ಲಿ ಈಗ ತೀರ್ಪನ್ನು ಅತಿ ಜಾಸ್ತಿ ಓದುವವರೂ ಅವರೇ.

ಸದ್ಯಕ್ಕೆ ಒಂದು ರಾಜಿ ಆಗಿದೆ. ಹೊಸ ಫೈಲು ಬಂದರೆ ಜೂನಿಯರ್ ಮೊದಲು ಇಸವಿಗಳ ಗೆರೆ ಕೈಯಿಂದಲೇ ಎಳೆದು, ತನಗೆ ತೋಚಿದ ಕವಲುಗಳನ್ನು ಒಂದು ಹಾಳೆಯಲ್ಲಿ ಬರೆದು ಸೀನಿಯರ್ ಟೇಬಲ್ ಮೇಲೆ ಇಡಬೇಕು. ಆ ಹಾಳೆಯ ಫೋಟೋ ಏರಿಸುವ ತನಕ ಟೂಲ್ ತೆರೆಯುವುದಿಲ್ಲ. ಈ ಬೀಗವನ್ನು ಬರೆದವನು ನಾನೇ. ಕಳೆದ ವಾರ ಒಬ್ಬ ಹುಡುಗ ಖಾಲಿ ಹಾಳೆಯ ಫೋಟೋ ಏರಿಸಿ ಒಳಗೆ ಹೋಗಿದ್ದ, ಅದನ್ನೂ ಈಗ ತಡೆಯಬೇಕಾಗಿದೆ.